ಸೀಡಿ ಅಕ್ಕ ಮತ್ತು ಚುಕ್ಕಿ ಒತ್ತುವ ಪ್ರಿಂಟರ್

ಬೆಳಿಗ್ಗೆ ರಿಪೇರಿ ಅಂಗಡಿಯ ಬಾಗಿಲು ತೆರೆದ ಕೂಡಲೇ ಸೀಡಿ ಅಕ್ಕ ಒಂದು ಸೀಡಿ ಒರೆಸುತ್ತಾಳೆ. ದಿನಕ್ಕೆ ಒಂದೇ. ಮೆತ್ತನೆ ಹತ್ತಿಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ಉಜ್ಜಿದರೆ ಗೀರು ಬಿದ್ದು ಸೀಡಿ ಓದದಂತಾಗುತ್ತದಂತೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದ್ದಿಲ್ಲ. ನಾನು ಪ್ರಾರ್ಥನೆಗೆ ಕೂರುವ ಹೊತ್ತಿಗೇ ಅವಳದು ಈ ಕೆಲಸ.

ಹಳೇ ಪ್ರಿಂಟರು, ಸ್ಕ್ಯಾನರುಗಳ ಡಬ್ಬದಲ್ಲಿ ಬರುತ್ತಿದ್ದ ಸೀಡಿಗಳು ಅವು. ಒಂದೊಂದರಲ್ಲೂ ಒಂದು ಡ್ರೈವರ್, ಅಂದರೆ ಆ ಯಂತ್ರದ ಮಾತು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವ ಪ್ರೋಗ್ರಾಮು. ಜನ ಬಿಸಾಡಿದ್ದನ್ನೆಲ್ಲ ಕೂಡಿಟ್ಟುಕೊಂಡಿದ್ದಾಳೆ.

ನಾನು ಅಂಧ ಹೆಣ್ಣುಮಕ್ಕಳ ಶಾಲೆಯ ಹಾಸ್ಟೆಲ್ ನೋಡಿಕೊಳ್ಳುವವಳು. ನಮ್ಮಲ್ಲಿ ದಪ್ಪ ಹಾಳೆಯ ಮೇಲೆ ಬ್ರೈಲ್ ಚುಕ್ಕಿ ಒತ್ತುವ ಹಳೇ ಪ್ರಿಂಟರ್ ಇದೆ. ಪರೀಕ್ಷೆಗೆ ನಾಲ್ಕೇ ದಿನ ಇರುವಾಗ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಹೊಸ ಕಂಪ್ಯೂಟರ್ ಬಂತು. ಪ್ರಿಂಟರ್ ಮಾತ್ರ ಅದಕ್ಕೆ ಜಪ್ಪಯ್ಯ ಅನ್ನಲಿಲ್ಲ. ಚುಕ್ಕಿಯ ಪ್ರಶ್ನೆಪತ್ರಿಕೆ ಇಲ್ಲದಿದ್ದರೆ ಹುಡುಗಿಯರು ಬೇರೆಯವರ ಬಾಯಿಂದ ಪ್ರಶ್ನೆ ಕೇಳಿ ಬರೆಯಬೇಕು. ಕಂಪ್ಯೂಟರ್ ಮಾರಿದ ವ್ಯಾಪಾರಿ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ, ‘ಡೌನ್‌ಲೋಡ್’ ಅಂತ ಮಿನುಗುವ ಗುಂಡಿಗಳನ್ನೆಲ್ಲ ಒತ್ತಿ, "ನಾಳೆ ಸರಿಹೋಗುತ್ತೆ" ಅಂತ ಎದ್ದುಹೋದ.

ಮರುದಿನ ಟೀಚರ್ ತರಗತಿಯಲ್ಲಿ ಅದನ್ನು ಆನ್ ಮಾಡಿದರು. ಅವರಿಗೂ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತದೆ. ಮೊದಲು ಜೂಜಿನ ಜಾಹೀರಾತು ಓದಿತು. ಆಮೇಲೆ ಬಾಯಲ್ಲಿ ಹೇಳಬಾರದ್ದು. ಹನ್ನೊಂದು ಹುಡುಗಿಯರ ಮುಂದೆ, ದಿನಾ ಪ್ರಾರ್ಥನೆ ಓದುವ ಅದೇ ದನಿಯಲ್ಲಿ! ಟೀಚರ್ ಗುಂಡಿ ತಡಕುತ್ತಿದ್ದರು. ನಾನು ಓಡಿಹೋಗಿ ವೈರು ಕಿತ್ತೆ.

ಅಕ್ಕನನ್ನು ಕರೆಸಿದೆವು. ಪರದೆ ನೋಡಿದವಳೇ ಮುಖ ಸಿಂಡರಿಸಿದಳು. "ಥೂ! ಸತ್ತ ಇಲಿಯನ್ನಾದರೂ ಮುಟ್ಟಬಹುದು."

ಪ್ರಿಂಟರಿನ ಬೆನ್ನ ಮೇಲಿದ್ದ ನಂಬರ್ ಬರೆದುಕೊಂಡು ಹೋಗಿ ಸೀಡಿ ತಂದಳು. ಹೊಸ ಕಂಪ್ಯೂಟರ್ ಅದನ್ನು ಒಪ್ಪಲಿಲ್ಲ. ಮೆಟ್ಟಿಲ ಕೆಳಗೆ ಬಿದ್ದಿದ್ದ ಹಳೆಯದನ್ನೇ ಎಳೆದು, ಬೇರೆ ಡಿಸ್ಕ್ ಕೂರಿಸಿ, ಹಳೇ ವಿಂಡೋಸ್ ಹಾಕತೊಡಗಿದಳು. "ಇದಕ್ಕೆ ಇಂಟರ್‌ನೆಟ್ ಗಾಳಿ ಸೋಕಿಸಬೇಡಿ."

ಅಷ್ಟರಲ್ಲಿ ವ್ಯಾಪಾರಿ ಬಂದ. "ಆ ಮುದಿ ಯಂತ್ರಕ್ಕೆ ಯಾಕಕ್ಕ ಜೀವ ತುಂಬ್ತೀರಿ? ಹೊಸ ಪ್ರಿಂಟರೇ ಕೊಳ್ಳಲಿ ಬಿಡಿ."

"ನೀನು ಆ ಹೊಸ ಕಂಪ್ಯೂಟರೊಳಗೆ ತುಂಬಿ ಹೋಗಿದ್ದೇನು, ನೋಡಿದ್ಯಾ?"

"ಅಯ್ಯೋ, ಒಂದೆರಡು ಜಾಹೀರಾತು ಬರುತ್ತಪ್ಪ. ಹೇಗೂ ಇವರಿಗೆ ಕಾಣಿಸೋದಿಲ್ವಲ್ಲ!" ಅಂತ ನಕ್ಕ.

ಟೀಚರ್ ಅಲ್ಲೇ ಕೂತಿದ್ದರು. ಅಕ್ಕ ಡ್ರೈವರ್ ಸೀಡಿ ಒಳಗೆ ತಳ್ಳಿದಳು. ಪ್ರಿಂಟರ್ ಗುರುಗುಟ್ಟಿ, ಟಕಟಕ ಅಂತ ಒಂದು ಹಾಳೆ ಉಗುಳಿತು. ಟೀಚರ್ ಅದರ ಮೇಲೆ ಬೆರಳಾಡಿಸಿ, "ಒಂದಕ್ಷರವೂ ತಪ್ಪಿಲ್ಲ" ಅಂದರು. ದೇವರು ದೊಡ್ಡವನು.

ಅಕ್ಕ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಕುಂಟುತ್ತಾ ಚೀಲ ಎತ್ತಿಕೊಂಡಳು.

"ಮಂಡಿ ನೋವು ಬೇರೆ. ಬನ್ನಿ ಅಕ್ಕ, ಕಾರಲ್ಲಿ ಬಿಡ್ತೀನಿ" ಅಂದ ವ್ಯಾಪಾರಿ, ಬಾಗಿಲು ತೆರೆದು ಹಿಡಿದು.

"ಬೇಡಪ್ಪ. ಈಗಷ್ಟೇ ಕೈ ತೊಳ್ಕೊಂಡಿದೀನಿ."