ಆ ಎರಡನೆಯ ವರ್ಷ

ಸಿಗ್ನೆ ಹೈಕಿಲಾ ವೈದ್ಯಕೀಯ ಕಾಲೇಜಿನ ಮೂರನೆಯ ವರ್ಷದಲ್ಲಿ ರಜೆ ಹಾಕಿ ತನ್ನೂರು ಡುಲೂತಿಗೆ ಹೊರಟಾಗ ಎಲ್ಲರೂ ಅವಳ ಬೆನ್ನು ತಟ್ಟಿದರು. ತಂದೆ ಆರ್ನೆ ಅದಿರು ಹಡಗುಕಟ್ಟೆಯಲ್ಲಿ ಕ್ರೇನು ನಡೆಸುತ್ತಿದ್ದ ದೊಡ್ಡ ಮೈಯ ಮನುಷ್ಯ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಬಂದು ಚಮಚ ಎತ್ತಲಾರದಂತಾಗಿದ್ದ. ತಾಯಿ ಮಾರ್ಲಿಸ್ ವೃದ್ಧಾಶ್ರಮದಲ್ಲಿ ಮುದುಕಿಯರ ತಲೆಗೂದಲು ಕತ್ತರಿಸಿ ಸುರುಳಿ ಮಾಡುವವಳು. ಅವಳು ಆ ಕೆಲಸ ಬಿಟ್ಟರೆ ಮನೆಯ ಆರೋಗ್ಯ ವಿಮೆಯೂ ಹೋಗುತ್ತಿತ್ತು. ಹಾಗಾಗಿ ಬಂದವಳು ಮಗಳು. ಅಪ್ಪನನ್ನು ಎತ್ತಿದಳು, ಒರೆಸಿದಳು, ಉಣಿಸಿದಳು. ವರ್ಷ ತುಂಬುವ ಹೊತ್ತಿಗೆ ಆರ್ನೆ ತೀರಿಕೊಂಡ.

ರಜೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನೆರೆಯವರು ಊಟ ತಂದಿಟ್ಟಿದ್ದ ಪಾತ್ರೆಗಳೆಲ್ಲ ಅವರವರ ಮನೆಗೆ ಮರಳಿದ ಮೇಲೆ ಸಿಗ್ನೆ ಹಾಸಿಗೆ ಹಿಡಿದಳು. ಜ್ವರವಿರಲಿಲ್ಲ, ನೋವಿರಲಿಲ್ಲ. ಏಳಲು ಆಗುತ್ತಿರಲಿಲ್ಲ, ಅಷ್ಟೆ. ರಜೆ ವಿಸ್ತರಿಸಿ ಎಂದು ಕಾಲೇಜಿಗೆ ಬರೆದಳು. ಕಾರಣ ಕೇಳಿದ ಕಡೆ ‘ವೈಯಕ್ತಿಕ’ ಎಂದಳು. ಆರು ತಿಂಗಳ ಮೇಲೆ ಮತ್ತೆ ಹಾಗೆಯೇ ಬರೆದಳು. ಮಾರ್ಲಿಸ್ ನೆರೆಯವರಿಗೆ, “ಮನೇಲೇ ಕೂತು ಓದ್ಕೋತಿದಾಳೆ” ಎಂದು ಹೇಳಿಕೊಂಡು ತಿರುಗಿದಳು. ಕೊನೆಗೆ ಊರಿನ ವೈದ್ಯೆ ಕೊಟ್ಟ ಮಾತ್ರೆ ಹಿಡಿಯಿತೋ, ಬೇಸಿಗೆಯೇ ಹಿಡಿಯಿತೋ, ಎದ್ದು ತಲೆ ಬಾಚಿಕೊಂಡಳು. ಆಗಸ್ಟಿನಲ್ಲಿ ಕಾಲೇಜಿಗೆ ಮರಳಿದಳು.

ಮರಳಿದಾಗ ಅವಳ ತರಗತಿಯವರೆಲ್ಲ ಮುಂದೆ ಹೋಗಿದ್ದರು. ಹೊಸ ಸಹಪಾಠಿಗಳು ಅವಳನ್ನು ಅಜ್ಜಿ ಎಂದು ಕರೆದರು; ಅದರಲ್ಲಿ ಕೆಡುಕೇನಿರಲಿಲ್ಲ. ಸಿಗ್ನೆಗೆ ಬೇಕಿದ್ದದ್ದು ಮೂಳೆ ಶಸ್ತ್ರಚಿಕಿತ್ಸೆ. ಎಲ್ಲರೂ ಬಯಸುವ, ಕೆಲವರಿಗೆ ಮಾತ್ರ ಸಿಗುವ ವಿಭಾಗ ಅದು. ಅವಳ ಕೈ ಚೆನ್ನಾಗಿತ್ತು, ಅಂಕಗಳೂ ಚೆನ್ನಾಗಿದ್ದವು. ತೊಡಕಿದ್ದದ್ದು ಆ ಎರಡು ವರ್ಷದಲ್ಲಿ. ಸರಿಯಾಗಿ ಹೇಳಬೇಕೆಂದರೆ ಎರಡನೆಯದರಲ್ಲಿ.

ತರಬೇತಿ ಜಾಗಕ್ಕಾಗಿ ಸಂದರ್ಶನ ಮಾಡಿದ ಆಸ್ಪತ್ರೆಯವರು ಮೊದಲ ವರ್ಷದ ಕಥೆಗೆ ತಲೆದೂಗುತ್ತಿದ್ದರು. ಆಮೇಲೆ ಒಬ್ಬರಾದರೂ ಲೆಕ್ಕ ಹಾಕುತ್ತಿದ್ದರು.

“ತಂದೆ ತೀರಿಕೊಂಡಿದ್ದು ಬೇಸಿಗೇಲಿ ಅಂದ್ರಿ. ನೀವು ವಾಪಸ್ ಬಂದಿದ್ದು ಅದರ ಮುಂದಿನ ಬೇಸಿಗೆ ಕಳೆದ ಮೇಲೆ. ನಡುವೆ?”

“ಮನೆ ಕಡೆ ಕೆಲಸಗಳಿದ್ವು. ಅಮ್ಮ ಒಬ್ಬರೇ ಇದ್ರು.”

“ಓ. ಸರಿ, ಸರಿ.”

ಆ ‘ಸರಿ’ಯ ಅರ್ಥ ಅವಳಿಗೆ ತಿಳಿಯದೆ ಇರಲಿಲ್ಲ. ಜೈಲು, ಕುಡಿತ, ಹುಚ್ಚು, ಗುಟ್ಟಾದ ಹೆರಿಗೆ, ಹೀಗೆ ‘ಮನೆ ಕಡೆ ಕೆಲಸ’ ಎಂಬ ಮಾತಿನೊಳಗೆ ಕೇಳಿದವರು ತಮಗೆ ಬೇಕಾದ್ದನ್ನು ತುಂಬಿಕೊಳ್ಳಬಹುದಿತ್ತು. ಕಾಲೇಜಿನ ಸಲಹೆಗಾರ್ತಿ ಡಾಕ್ಟರ್ ಆಬರ್ನಥಿ ಇದನ್ನೇ ಹೇಳಿದ್ದರು. ಅವರು ಮಕ್ಕಳಿಗೆ ಸುಳ್ಳು ಸಮಾಧಾನ ಹೇಳುವ ಹೆಂಗಸಲ್ಲ.

“ಕಾಯಿಲೆ ಬಿದ್ದಿದ್ದೆ, ವಾಸಿಯಾಯ್ತು ಅಂತ ಹೇಳು. ಕೆಲವರು ಬಾಗಿಲು ಹಾಕ್ತಾರೆ. ನೀನು ಬಚ್ಚಿಟ್ರೆ ಎಲ್ಲರೂ ಹಾಕ್ತಾರೆ.”

“ಮೂಳೆ ವಿಭಾಗದವರ ಮುಂದೆ ಹೇಳೋದಾ ಡಾಕ್ಟರ್? ಅವರು ಬೆರಳು ಮುರಿದ್ರೂ ಟೇಪ್ ಸುತ್ತಿಕೊಂಡು ಕೆಲಸಕ್ಕೆ ಬರೋ ಜನ.”

“ಹಾಗಾದ್ರೆ ಪಟ್ಟಿಯ ಕೆಳಗಡೆ ಕುಟುಂಬ ವೈದ್ಯದ ಎರಡು ಜಾಗ ಬರಿ. ಅಲ್ಲಿ ಪೈಪೋಟಿ ಕಡಿಮೆ. ಸಂದರ್ಶನಕ್ಕಂತೂ ಹೋಗಿದೀಯಲ್ಲ. ಕೆಳಗೆ ಅವು ಇದ್ದ ಮಾತ್ರಕ್ಕೆ ಮೇಲಿನವು ತಪ್ಪಿ ಹೋಗಲ್ಲ.”

ಆ ದೇಶದ ಪದ್ಧತಿ ಹೀಗೆ. ಓದು ಮುಗಿದ ಮೇಲಿನ ತರಬೇತಿಗೆ ವಿದ್ಯಾರ್ಥಿ ತನಗೆ ಬೇಕಾದ ಆಸ್ಪತ್ರೆಗಳನ್ನು ಮೊದಲು ಯಾವುದು, ಆಮೇಲೆ ಯಾವುದು ಎಂದು ಬರೆದು ಕಳಿಸುತ್ತಾನೆ. ಆಸ್ಪತ್ರೆಗಳೂ ವಿದ್ಯಾರ್ಥಿಗಳನ್ನು ಹಾಗೆಯೇ ಸಾಲಾಗಿ ಬರೆಯುತ್ತವೆ. ಎರಡನ್ನೂ ಕಂಪ್ಯೂಟರು ಹೊಂದಿಸುತ್ತದೆ. ಗಂಟು ಬಿದ್ದ ಮೇಲೆ ಬಿಡಿಸುವ ಹಾಗಿಲ್ಲ. ಇದಕ್ಕೆ ಮ್ಯಾಚ್ ಎನ್ನುತ್ತಾರೆ. ಮದುವೆಗಿಂತ ಹೆಚ್ಚು ಭಯ ಅದರದ್ದು.

ಸಿಗ್ನೆಯ ಪಟ್ಟಿಯಲ್ಲಿ ಮೊದಲು ಇದ್ದದ್ದು ದಕ್ಷಿಣದ ಒಂದು ದೊಡ್ಡ ಆಸ್ಪತ್ರೆ. ಶರತ್ಕಾಲದಲ್ಲಿ ಒಂದು ತಿಂಗಳು ಅಲ್ಲಿ ದುಡಿದು ತೋರಿಸಿದ್ದಳು. ಬೆಳಕು ಹರಿಯುವ ಮುಂಚೆ ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಅಲ್ಲಿ ಗ್ರಾಂಟ್ ಟಿಸ್ಡೇಲ್ ಇದ್ದ. ಮೊದಲ ವರ್ಷ ಇಬ್ಬರೂ ಒಂದೇ ಹೆಣ ಕೊಯ್ದವರು. ಈಗ ಅವನು ಎರಡು ವರ್ಷ ಮೇಲಿನ ರೆಸಿಡೆಂಟ್, ಎಂದರೆ ತರಬೇತಿಯಲ್ಲಿರುವ ವೈದ್ಯ, ಅವಳಿಗೆ ಕೆಲಸ ಹೇಳುವವನು.

“ಅಜ್ಜಿ, ಕಾಲು ಹಿಡ್ಕೋ. ಬೀಳಿಸಿದ್ರೆ ನಿನ್ನ ಪಿಂಚಣಿ ಕಟ್.”

“ನಿನಗೆ ನರ ಯಾವುದು, ದಾರ ಯಾವುದು ಅಂತ ಹೇಳಿಕೊಟ್ಟೋಳು ನಾನು. ಸುಮ್ನೆ ಹೊಲಿ.”

ವಿಭಾಗದ ಮುಖ್ಯಸ್ಥ ಡಾಕ್ಟರ್ ಓಕ್ಲಿ ಆಪರೇಷನ್ ಮೇಜಿನ ಪಕ್ಕದಲ್ಲೇ ನಿಂತು ನಕ್ಕಿದ್ದರು. ಫೆಬ್ರವರಿಯಲ್ಲಿ, ಪಟ್ಟಿ ಕಳಿಸುವ ಕೊನೆಯ ವಾರ, ಅವರೇ ಫೋನು ಮಾಡಿದರು.

“ನಿಮ್ಮಂಥವರು ನಮ್ಮಲ್ಲಿಗೆ ಬಂದ್ರೆ ಅದು ನಮ್ಮ ಅದೃಷ್ಟ. ಇಷ್ಟು ಹೇಳೋಣ ಅಂತ ಮಾಡಿದೆ.”

ಫೋನು ಇಟ್ಟಮೇಲೆ ಸಿಗ್ನೆ ತನ್ನ ಪಟ್ಟಿ ತೆರೆದಳು. ಕೆಳಗಿದ್ದ ಕುಟುಂಬ ವೈದ್ಯದ ಎರಡು ಹೆಸರು ಅಳಿಸಿದಳು. ಅವು ಅಲ್ಲಿದ್ದರೆ ನಷ್ಟವಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಆ ಹೆಸರುಗಳು, ಇವಳು ಇನ್ನೂ ಹಾಸಿಗೆಯಿಂದ ಪೂರ್ತಿ ಎದ್ದಿಲ್ಲ ಎಂದು ಯಾರೋ ಬರೆದಿಟ್ಟ ಹಾಗೆ ಕಾಣುತ್ತಿದ್ದವು. ಡಾಕ್ಟರ್ ಆಬರ್ನಥಿಗೆ ಹೇಳದೆ ಪಟ್ಟಿ ಕಳಿಸಿಬಿಟ್ಟಳು. ಗಡುವು ಮುಗಿದ ಮೇಲೆ ಅದನ್ನು ಯಾರೂ ತಿದ್ದುವಂತಿರಲಿಲ್ಲ.

ಮಾರ್ಚಿನ ಮ್ಯಾಚ್ ವಾರದ ಸೋಮವಾರ ಬೆಳಿಗ್ಗೆ, ಜಾಗ ಸಿಕ್ಕಿತೋ ಇಲ್ಲವೋ ಎಂದಷ್ಟೇ ತಿಳಿಸುತ್ತಾರೆ. ಎಲ್ಲಿ ಎಂಬುದು ಶುಕ್ರವಾರ, ಸಭೆಯಲ್ಲಿ, ಎಲ್ಲರೆದುರು. ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಹುಡುಗಿಯರಿಬ್ಬರೂ ಒಟ್ಟಿಗೆ ಕಿರುಚಿ ಅಪ್ಪಿಕೊಂಡರು. ಸಿಗ್ನೆ ತನ್ನ ಪರದೆಯ ಮೇಲಿನ ಸಾಲನ್ನು ಓದಿದಳು. ವಿಷಾದಿಸುತ್ತೇವೆ, ಯಾವ ಜಾಗವೂ ಹೊಂದಲಿಲ್ಲ.

“ಅಜ್ಜಿ? ಅಜ್ಜೀ, ಏನಾಯ್ತು?” ಎಂದು ಒಬ್ಬಳು ಬಾಗಿಲಲ್ಲಿ ಇಣುಕಿದಳು. ಅವಳ ಮುಖ ನೋಡಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಹೊರಗಿನ ಸಂಭ್ರಮ ಪಿಸುಮಾತಾಯಿತು. ಅದನ್ನು ಕೇಳುವುದು ಇನ್ನೂ ಕಷ್ಟವಾಗಿತ್ತು.

ಡಾಕ್ಟರ್ ಆಬರ್ನಥಿ ಅವಳನ್ನು ಕೂರಿಸಿಕೊಂಡು ಪಟ್ಟಿ ನೋಡಿದರು.

“ಆ ಎರಡು ಎಲ್ಲಿ?”

“ತೆಗೆದೆ.”

“ಯಾಕೆ?”

“ಓಕ್ಲಿ ಫೋನ್ ಮಾಡಿದ್ರು.”

ಆಬರ್ನಥಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಭರ್ತಿಯಾಗದೆ ಉಳಿದ ಜಾಗಗಳನ್ನು ತೆರೆದರು. ಮೂಳೆ ವಿಭಾಗದಲ್ಲಿ ಒಂದೂ ಇರಲಿಲ್ಲ. ಕುಟುಂಬ ವೈದ್ಯದಲ್ಲಿ ಸಾಲಾಗಿ ಇದ್ದವು. ಶಸ್ತ್ರಚಿಕಿತ್ಸೆಯಲ್ಲಿ ಒಂದು ವರ್ಷದ ತಾತ್ಕಾಲಿಕ ಜಾಗಗಳಿದ್ದವು. ವರ್ಷವಿಡೀ ದುಡಿಸಿಕೊಂಡು, ಆಮೇಲೆ ಕೈ ಕುಲುಕಿ ಕಳಿಸುವಂಥವು. ಎಲ್ಲದಕ್ಕೂ ಅರ್ಜಿ ಹಾಕಿದರು. ಆಸ್ಪತ್ರೆಯವರೇ ಫೋನು ಮಾಡಬೇಕು, ಅರ್ಜಿದಾರರು ತಾವಾಗಿ ಮಾಡುವಂತಿಲ್ಲ. ಕಾಯುವುದೊಂದೇ ಕೆಲಸ.

ಸಿಗ್ನೆ ಕಾಯಲು ಡುಲೂತಿಗೆ ಹೋದಳು. ದಾರಿಯಲ್ಲಿ ಪೆಟ್ರೋಲು ಹಾಕಿಸುವಾಗ ಗ್ರಾಂಟನ ಫೋನು ಬಂತು.

“ನಂಗೀಗ ಗೊತ್ತಾಯ್ತು ಕಣೇ. ಏನ್ ಹೇಳ್ಬೇಕೋ ತಿಳೀತಿಲ್ಲ.”

“ಅವರು ನಂಗೆ ಫೋನ್ ಮಾಡಿದ್ರು ಗ್ರಾಂಟ್. ನಾನು ಬಂದ್ರೆ ಅದೃಷ್ಟ ಅಂದ್ರು.”

“ಅಯ್ಯೋ ಮಾರಾಯ್ತಿ. ಓಕ್ಲಿ ಅದನ್ನ ಎಲ್ಲರಿಗೂ ಹೇಳ್ತಾರೆ. ಪ್ರತಿ ವರ್ಷ. ಮೂವತ್ತು ಜನಕ್ಕೆ ಮಾಡ್ತಾರೆ ಫೋನು. ನಮ್ಮ ಬ್ಯಾಚಲ್ಲಿ ಅದೊಂದು ಜೋಕು. ನಿಂಗೆ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ. ಆ ಜೋಕು ಹುಟ್ಟಿದಾಗ, ಬಾಯಿಂದ ಬಾಯಿಗೆ ಹಬ್ಬಿದಾಗ, ಅವಳು ಡುಲೂತಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಆಮೇಲೆ ಜೊತೆಯಾದ ಹುಡುಗ ಹುಡುಗಿಯರಿಗೆ ಇವಳು ಹಿರಿಯಳು. ಇವಳಿಗೆ ತಿಳಿದಿರುತ್ತದೆ ಎಂದುಕೊಂಡು ಅವರು ಹೇಳಲಿಲ್ಲ.

“ನಿಮ್ಮೋರು ಪಟ್ಟಿ ಮಾಡೋ ಮೀಟಿಂಗಲ್ಲಿ ನನ್ನ ವಿಷಯ ಬಂತಾ?”

“ಬಂತು.”

“ಏನಂದ್ರು?”

“ಕೈ ಚೆನ್ನಾಗಿದೆ ಅಂದ್ರಂತೆ ಎಲ್ಲರೂ. ಆಮೇಲೆ ಯಾರೋ ಆ ಎರಡನೇ ವರ್ಷ ಅಂದ್ರಂತೆ. ನಾನ್ ಒಳಗಿರ್ಲಿಲ್ಲ. ಬಿಡು ಸಿಗ್ನೆ, ಇಷ್ಟು ಸಾಕು.”

ಬುಧವಾರ ಅಡುಗೆಮನೆಯಲ್ಲಿ ಮಾರ್ಲಿಸ್ ಆಲೂಗಡ್ಡೆ ಸುಲಿಯುತ್ತಿದ್ದಾಗ ಮೊದಲ ಫೋನು ಬಂತು. ಸಣ್ಣ ಊರೊಂದರ ಕುಟುಂಬ ವೈದ್ಯ ವಿಭಾಗದ ಹೆಂಗಸು, ಮೃದುವಾದ ದನಿ. ಮಾತು ಚೆನ್ನಾಗಿ ನಡೆಯಿತು. ಕೊನೆಗೆ ಅದೇ ಬಂತು.

“ತಂದೆಯವರು ಹೋದ ಮೇಲೂ ಒಂದು ವರ್ಷ ರಜೆಯಲ್ಲಿದ್ರಲ್ಲ?”

ಸಿಗ್ನೆ ತಾಯಿಯ ಬೆನ್ನು ನೋಡಿದಳು. “ಖಿನ್ನತೆ ಇತ್ತು. ಹಾಸಿಗೆಯಿಂದ ಏಳೋಕೆ ಆಗ್ತಿರ್ಲಿಲ್ಲ. ಔಷಧಿ ತಗೊಂಡೆ. ಈಗಲೂ ತಗೋತೀನಿ. ಕಾಲೇಜಿಗೆ ವಾಪಸ್ ಬಂದ ಮೇಲೆ ಒಂದು ದಿನವೂ ಕ್ಲಾಸು ತಪ್ಪಿಸಿಲ್ಲ.”

ಆಲೂಗಡ್ಡೆ ಸುಲಿಯುವ ಸದ್ದು ನಿಂತಿತು.

“ಇದನ್ನ ಹೇಳಿದ್ದು ಒಳ್ಳೇದಾಯ್ತು. ತುಂಬಾ ಥ್ಯಾಂಕ್ಸ್,” ಎಂದಿತು ಮೃದುವಾದ ದನಿ. ಮತ್ತೆ ಆ ಊರಿನಿಂದ ಫೋನು ಬರಲಿಲ್ಲ.

“ಕೇಳಿದ್ದಕ್ಕೆಲ್ಲ ಬಾಯ್ಬಿಡ್ತಾರೇನೇ?” ಎಂದಳು ಮಾರ್ಲಿಸ್, ತಿರುಗದೆ.

“ಬಚ್ಚಿಟ್ಟು ನೋಡಿದ್ದಾಯ್ತಲ್ಲಮ್ಮ.”

“ನಾನು ವರ್ಷ ಪೂರ್ತಿ ಈ ಬೀದಿಗೆಲ್ಲ ಸುಳ್ಳು ಹೇಳ್ಕೊಂಡು ತಿರುಗಿದೀನಿ. ನೀನು ಫೋನಲ್ಲಿ ಗುರುತಿಲ್ಲದೋಳಿಗೆ ಹೇಳ್ಬಿಟ್ಟೆ.”

“ಸುಳ್ಳು ಹೇಳು ಅಂತ ನಾನು ನಿಂಗೆ ಹೇಳಿರ್ಲಿಲ್ಲ.”

“ಇಲ್ಲ. ನೀನಾಗ ಏನೂ ಹೇಳ್ತಿರ್ಲಿಲ್ಲ. ಅದೇ ತೊಂದ್ರೆ ಆಗಿದ್ದು.” ಮಾರ್ಲಿಸ್ ಮತ್ತೆ ಚಾಕು ಎತ್ತಿಕೊಂಡಳು.

ಸಂಜೆಗೆ ಇನ್ನೊಂದು ಫೋನು. ಓಹಿಯೋದ ಒಂದು ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಒಂದು ವರ್ಷ. ಅವಸರದ ಗಂಡಸು, ಹಿಂದೆ ಲಿಫ್ಟಿನ ಗಂಟೆ.

“ರಾತ್ರಿ ಪಾಳಿ ಜಾಸ್ತಿ ಇರತ್ತೆ. ತೊಂದ್ರೆ ಇದೆಯಾ?”

“ಇಲ್ಲ.”

“ಜುಲೈ ಒಂದಕ್ಕೆ ಬರ್ತೀರಾ?”

“ಬರ್ತೀನಿ. ಸರ್, ನನ್ನ ರಜೆ ವಿಷಯ...”

“ಎಂಥ ರಜೆ? ಸರಿ, ಸರಿ. ನಮಗೆ ಜನ ಬೇಕು.”

ಗುರುವಾರ ಬೆಳಿಗ್ಗೆ ಬಂದದ್ದು ಆ ಒಂದೇ ಜಾಗ. ಒಪ್ಪಲು ಎರಡು ಗಂಟೆ ಕಾಲ. ಆಬರ್ನಥಿ ಫೋನಿನಲ್ಲಿ ಸುತ್ತುಬಳಸಲಿಲ್ಲ.

“ತಗೋ. ಬೇರೆ ಇಲ್ಲ. ಆದ್ರೆ ಒಂದು ತಿಳ್ಕೋ. ಈ ಥರ ಒಂದು ವರ್ಷ ಮಾಡಿ ಮೂಳೆ ವಿಭಾಗಕ್ಕೆ ಹೋದೋರು ಬಹಳ ಕಡಿಮೆ. ನಿನ್ನ ಲೆಕ್ಕದಲ್ಲಿ ಇನ್ನೊಂದು ವರ್ಷ ಸೇರತ್ತೆ, ಅದನ್ನೂ ಕೇಳ್ತಾರೆ.”

“ಗೊತ್ತು ಡಾಕ್ಟರ್.”

ಒಪ್ಪಿದಳು.

ಶುಕ್ರವಾರದ ಸಭೆಗೆ ಹೋಗಬೇಕಾಗಿರಲಿಲ್ಲ. ಮಾರ್ಲಿಸ್ ತಿಂಗಳ ಹಿಂದೆಯೇ ರಜೆ ಕೇಳಿದ್ದಳು, ಆಶ್ರಮದ ಮುದುಕಿಯರಿಗೆಲ್ಲ ಸಾರಿದ್ದಳು. ಹೋಗದಿದ್ದರೆ ಇನ್ನೊಂದು ಸುಳ್ಳು ಕಟ್ಟಬೇಕಾಗುತ್ತಿತ್ತು. ಇಬ್ಬರೂ ಹೋದರು. ವೇದಿಕೆಯ ಮೇಲೆ ಒಬ್ಬೊಬ್ಬರೇ ಲಕೋಟೆ ಒಡೆದು ಮೈಕಿನಲ್ಲಿ ಓದುತ್ತಿದ್ದರು. ಪ್ರತಿ ಹೆಸರಿಗೂ ಸಭೆ ಎದ್ದು ಕೂಗುತ್ತಿತ್ತು. ಸಿಗ್ನೆಯ ಸರದಿ ಬಂದಾಗ ಹಿಂದಿನ ಸಾಲಿನ ಹುಡುಗರು, “ಅಜ್ಜೀ! ಅಜ್ಜೀ!” ಎಂದು ಕಾಲು ಬಡಿದರು.

ಅವಳು ಲಕೋಟೆ ಒಡೆಯಲಿಲ್ಲ, ಒಳಗಿರುವುದು ಗೊತ್ತಿತ್ತು. “ಶಸ್ತ್ರಚಿಕಿತ್ಸೆ, ಓಹಿಯೋ,” ಎಂದಳು.

ಸಭೆ ಕೂಗಿತು. ಕೂಗು ಇಳಿಯುವವರೆಗೆ ಅವಳು ಮೈಕಿನ ಮುಂದೆಯೇ ನಿಂತಿದ್ದಳು.

“ಒಂದು ವರ್ಷಕ್ಕೆ ಮಾತ್ರ,” ಎಂದಳು.

ಚಪ್ಪಾಳೆ ಕೆಲವು ಕಡೆ ನಿಂತಿತು, ಕೆಲವು ಕಡೆ ತಿಳಿಯದೆ ಮುಂದುವರಿಯಿತು. ಡಾಕ್ಟರ್ ಆಬರ್ನಥಿ ತಲೆ ತಗ್ಗಿಸಿ ಮುಂದಿನ ಹೆಸರು ಹುಡುಕಿದರು.

ಕಾರಿನ ಹತ್ತಿರ ಮಾರ್ಲಿಸ್ ಕೈಗವಸು ಹಾಕಿಕೊಳ್ಳುತ್ತಾ ಕೇಳಿದಳು, “ಬರೋ ವರ್ಷ ಮತ್ತೆ ಅರ್ಜಿ ಹಾಕ್ತೀಯ?”

“ಹಾಕ್ತೀನಿ.”

“ಮೂಳೆಗೇ?”

“ಹ್ಞೂಂ.”

“ಸಿಗತ್ತಾ?”

“ಸಿಗಲ್ಲ ಅನ್ಸತ್ತೆ.”

ಮಾರ್ಲಿಸ್ ಕಾರಿನ ಬೀಗ ತೆಗೆದಳು. “ಆಗ ನನ್ನ ಕರೀಬೇಡ ಕಣೇ. ನಂಗೆ ಇನ್ನೊಂದು ಸಲ ಈ ಗದ್ದಲದಲ್ಲಿ ಕೂರೋಕಾಗಲ್ಲ.”

“ಕರೆಯಲ್ಲಮ್ಮ.”

ಊರು ದಾಟಿದ ಮೇಲೆ ಹಿಮ ಸುರಿಯತೊಡಗಿತು. ಮಾರ್ಲಿಸ್ ವೇಗ ಇಳಿಸಿದಳು. ಹಿಂದಿನಿಂದ ಬಂದ ಕಾರುಗಳು, ಕಿಟಕಿಗೆ ಬಲೂನು ಕಟ್ಟಿಕೊಂಡವೂ ಸೇರಿ, ಒಂದೊಂದಾಗಿ ಅವರನ್ನು ದಾಟಿ ಮುಂದೆ ಹೋದವು.