ನಲವತ್ತೆರಡು ಜನ, ಒಂದು ಎಮ್ಮೆ

ಹೊಂಗನೂರಿನ ಬೋರಲಿಂಗಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. ನಿಜಕ್ಕೆ ಒಂದಿಷ್ಟು ಗೊಬ್ಬರ ಹಾಕುತ್ತಿದ್ದ, ಅಷ್ಟೆ. ವಾರಕ್ಕೊಮ್ಮೆ ಬೆಲ್ಲವನ್ನೋ ರೇಷ್ಮೆಗೂಡನ್ನೋ ಗಾಡಿಗೆ ಹೇರಿಕೊಂಡು ಚನ್ನಪಟ್ಟಣದ ಸಂತೆಗೆ ಹೋಗುತ್ತಿದ್ದ. ರೈಲು ನಿಲ್ಲುವ ಕಡೆ ಜಟಕಾ ಕಟ್ಟುವ ಫಕ್ರುದ್ದೀನನ ಪಕ್ಕ ಕೂತು, ಒಂದು ಬೀಡಿ ಮುಗಿಯುವಷ್ಟರಲ್ಲಿ ಬೆಂಗಳೂರು ಮೈಸೂರುಗಳ ಸುದ್ದಿಯನ್ನೆಲ್ಲ ತುಂಬಿಕೊಳ್ಳುತ್ತಿದ್ದ. ಹೊತ್ತು ಮುಳುಗುವ ಮುಂಚೆ ಊರು ಸೇರಿ ತನ್ನ ಮನೆಯ ಜಗಲಿಯ ಮೇಲೆ ಅದನ್ನು ಬಿಚ್ಚುತ್ತಿದ್ದ. ಮೈಸೂರಿನಲ್ಲಿ ಕರೆಂಟಿನ ದೀಪ ಹಾಕಿದರಂತೆ ಎಂದು ಫಕ್ರುದ್ದೀನ್ ಹೇಳಿದ್ದು ಹೊಂಗನೂರು ಮುಟ್ಟುವಷ್ಟರಲ್ಲಿ, ಆ ಬೆಳಕಿಗೆ ಮೈಸೂರಿನ ಹುಂಜಗಳೆಲ್ಲ ತಬ್ಬಿಬ್ಬಾಗಿ, ಬೆಳಗಾಯಿತೆಂದು ಹದಿನೈದು ದಿನ ಬಿಡದೆ ಕೂಗಿ ಗಂಟಲು ಹರಿದುಕೊಂಡು ಸತ್ತಿದ್ದವು.

ಊರಿನವರು ಇದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಬೋರಣ್ಣ ನೂರು ಅಂದರೆ ಹತ್ತು, ಹತ್ತು ಅಂದರೆ ಒಂದು. ಹತ್ತರಿಂದ ಭಾಗಿಸಿಕೊಂಡರೆ ಸುದ್ದಿ ಸರಿಹೋಗುತ್ತಿತ್ತು; ಯಾರಿಗೂ ಮೋಸವಿಲ್ಲ. ಬೋರಲಿಂಗಯ್ಯನಿಗೂ ಇದು ಗೊತ್ತಿತ್ತು, ಬೇಜಾರೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಮುಖಗಳು. ಜಗಲಿಯ ಕೆಳಗೆ ಕೂತು ಬಾಯಿ ತೆರೆದು ತನ್ನ ಕಡೆಗೇ ನೋಡುವ ಮೂವತ್ತು ಮುಖ. ಅದನ್ನು ನೋಡಿದ ದಿನ ಅವನು ಒಂದು ಮುದ್ದೆ ಕಡಿಮೆ ಉಣ್ಣುತ್ತಿದ್ದ. ಹೊಟ್ಟೆ ಮೊದಲೇ ತುಂಬಿರುತ್ತಿತ್ತು.

ಇಪ್ಪತ್ತೆಂಟು ವರ್ಷ ಹೀಗೆ ನಡೆಯಿತು. ಆಮೇಲೆ ಅಂಗಡಿಯ ರುದ್ರಯ್ಯ ಪತ್ರಿಕೆ ತರಿಸಿದ.

ವಾರಕ್ಕೊಂದು ಸಲ ಬೆಂಗಳೂರಿನಿಂದ ಅಂಚೆಯಲ್ಲಿ ಬರುವ ಪತ್ರಿಕೆ ಅದು. ಮಡಿಸಿ ಮಡಿಸಿ ದೋಸೆಯಷ್ಟಾಗಿರುತ್ತಿತ್ತು. ರುದ್ರಯ್ಯ ಕೈಕಾಲು ತೊಳೆದು, ಹಣೆಯ ವಿಭೂತಿ ಸರಿಮಾಡಿಕೊಂಡು, ಕನ್ನಡಕ ಏರಿಸಿ, ಅಂಗಡಿಯ ಜಗಲಿಯ ಮೇಲೆ ಅದನ್ನು ಹರಡಿ ರಾಗವಾಗಿ ಓದುತ್ತಿದ್ದ. ಮೊದಲ ವಾರ ನಾಲ್ಕು ಜನ ಹೋದರು. ಎರಡನೆಯ ವಾರ ಹನ್ನೊಂದು. ಮೂರನೆಯ ವಾರ ಬೋರಲಿಂಗಯ್ಯನ ಜಗಲಿಯ ಕೆಳಗೆ ಒಂದು ನಾಯಿ ಮಲಗಿತ್ತು, ಅದೂ ಬೆನ್ನು ತಿರುಗಿಸಿಕೊಂಡು.

ಅಲ್ಲಿಂದ ಬೋರಲಿಂಗಯ್ಯನ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಅವನು ಕೂತ ಕಡೆ ಹಸಿ ಸೌದೆ ಒಣಗುತ್ತಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ರುದ್ರಯ್ಯನಿಗಿಂತ ಆ ಕಾಗದದ ಮೇಲೆ ಅವನಿಗೆ ಉರಿ ಹೆಚ್ಚು. ಅದಕ್ಕೆ ಗಾಡಿ ಹೊಡೆಯುವ ಕಷ್ಟವಿಲ್ಲ, ಬಿಸಿಲಿಲ್ಲ, ಧೂಳಿಲ್ಲ. ಎಂಟು ದಿನ ಹಳೆಯ ಸುದ್ದಿಯನ್ನು ಮಡಿಲಲ್ಲಿಟ್ಟುಕೊಂಡು ಮದುವೆ ಹೆಣ್ಣಿನ ಹಾಗೆ ಬರುತ್ತದೆ. ಇವನು ಬಿಸಿಬಿಸಿಯಾಗಿ ತಂದದ್ದನ್ನು ಕೇಳುವವರಿಲ್ಲ. ಒಂದು ಸಲ ದಾರಿಯಲ್ಲಿ ಕರಿಯಪ್ಪನನ್ನು ತಡೆದು ನಿಲ್ಲಿಸಿ, "ಲೇ ಕರಿಯ, ಮದ್ದೂರ್ ತಾವ ರೈಲು ಹಳಿ ಬಿಟ್ಟು ಇಳಿದ್ಬುಟ್ಟದಂತೆ ಕಣ್ಲಾ" ಎಂದ. ಕರಿಯಪ್ಪ ಕೈಯಲ್ಲಿದ್ದ ಕುಡುಗೋಲನ್ನು ಹೆಗಲಿಗೇರಿಸಿ, "ಪೇಪರ್ನಾಗೆ ಬರ್ಲಿ ಬುಡು ಬೋರಣ್ಣ, ನೋಡಾನ" ಎಂದು ಹೊರಟೇಹೋದ.

ಬೋರಲಿಂಗಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಪತ್ರಿಕೆ ಬರುವ ದಿನವೇ ಮನೆಯ ಉಪ್ಪು ಮುಗಿಯತೊಡಗಿತು. ವಾರ ವಾರವೂ ಉಪ್ಪು ತರಲು ಅಂಗಡಿಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತು, ಓದುವುದು ಮುಗಿದ ಮೇಲೆ ಬರುತ್ತಿದ್ದಳು. ಮನೆಯಲ್ಲಿ ಮೂರು ಗುಡಾಣ ಉಪ್ಪಾಯಿತು.

"ಉಪ್ಪಿನಕಾಯಿ ಹಾಕಿ ಮೈಸೂರ್ ಸೀಮೆಗೆಲ್ಲ ಹಂಚ್ತೀಯೇನೆ?" ಎಂದ ಗಂಡ.

"ಒಸಿ ಕೇಳುಸ್ಕೊಂಡ್ ಬಂದ್ರೆ ನಿಮ್ಗೇನು ನಷ್ಟ?"

"ಇಪ್ಪತ್ತೆಂಟು ವರ್ಸ ನಾನು ಯೋಳ್ದಾಗ ಒಳಗೆ ಪಾತ್ರೆ ಕುಕ್ಕುತಿದ್ದೆ."

"ನೀವು ಯೋಳಿದ್ದ ನಾನು ಭಾಗ ಮಾಡ್ಬೇಕಿತ್ತು ಕಣ್ರೀ. ರುದ್ರಯ್ಯೋರದು ಹಂಗಲ್ಲ, ಅಚ್ಚಾಗಿರ್ತದೆ."

ಆ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತು.

ಇಷ್ಟರಲ್ಲಿ ಪ್ರಜಾಪ್ರತಿನಿಧಿ ಸಭೆಯ ಚುನಾವಣೆ ಬಂತು. ಹೊಂಗನೂರಿನಲ್ಲಿ ಓಟಿದ್ದವರು ಕಂದಾಯ ಹೆಚ್ಚು ಕಟ್ಟುವ ಹನ್ನೊಂದು ಜನ. ಬೋರಲಿಂಗಯ್ಯ, ರುದ್ರಯ್ಯ, ಕರಿಯಪ್ಪ ಅದರಲ್ಲಿದ್ದರು. ಬೈರಾಪಟ್ಟಣದ ಚನ್ನಲಿಂಗಪ್ಪನವರು ನಿಂತಿದ್ದರು. ಒಂದು ಬೆಳಗ್ಗೆ ಅವರು ಊರ ಮುಂದಿನ ಅರಳಿಕಟ್ಟೆಯ ಮೇಲೆ ನಿಂತು, ಕೆರೆ ಏರಿ ರಿಪೇರಿ ಮಾಡಿಸುತ್ತೇನೆ ಎಂದು ಭಾಷಣ ಮಾಡಿದರು. ಸಂತೆಗೆ ಹೊರಟಿದ್ದ ಬೋರಲಿಂಗಯ್ಯ ಗಾಡಿ ನಿಲ್ಲಿಸಿ, ಮೂಕಿಯ ಮೇಲೆ ನಿಂತು ತಲೆ ಎಣಿಸಿದ. ನಲವತ್ತೆರಡು ಜನ. ಹಿಂದುಗಡೆ ಒಂದು ಎಮ್ಮೆ. ನಿಜವನ್ನು ಬೆಳೆಸುವವನಿಗೆ ಬಿತ್ತನೆಯ ಕಾಳು ಚೊಕ್ಕವಾಗಿರಬೇಕಲ್ಲ! ಫಕ್ರುದ್ದೀನನಿಗೆ ನಾನೂರು ಎಂದು ಹೇಳುವುದು ಅವನ ಉದ್ದೇಶ. ಚನ್ನಲಿಂಗಪ್ಪನವರ ಜೊತೆಗೆ ಬೆಂಗಳೂರಿನಿಂದ ಬಂದಿದ್ದ ಪತ್ರಿಕೆಯ ಮನುಷ್ಯನೊಬ್ಬ ಕಟ್ಟೆಯ ಮೇಲೆ ಕೂತು, ಎಲೆಯಲ್ಲಿದ್ದ ಅವರೇಕಾಳಿನ ಉಪ್ಪಿಟ್ಟಿನಿಂದ ತಲೆಯೆತ್ತದೆ, ಎಡಗೈ ಬೆರಳಿನ ಸಂದಿಯಲ್ಲಿ ಪೆನ್ಸಿಲ್ ಇಟ್ಟುಕೊಂಡಿದ್ದ.

ಮುಂದಿನ ವಾರ ರುದ್ರಯ್ಯ ಪತ್ರಿಕೆ ಬಿಚ್ಚಿ ಓದಿದ: "ಹೊಂಗನೂರಿನಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಜನಸ್ತೋಮವು ನೆರೆದಿದ್ದು, ಜಯಘೋಷವು ಮುಗಿಲು ಮುಟ್ಟಿತು."

ಅಷ್ಟು ವಾರ ತಡೆದು ತಡೆದು, ಆ ದಿನ ಮಾತ್ರ ತಡೆಯಲಾರದೆ ಅಂಗಡಿಯ ಪಕ್ಕದ ಹುಣಸೆಮರದ ಹಿಂದೆ ನಿಂತು ಕೇಳುತ್ತಿದ್ದ ಬೋರಲಿಂಗಯ್ಯ ಎರಡೂ ಕೈಯಿಂದ ಮರವನ್ನು ತಬ್ಬಿಕೊಂಡ. ಐದು ಸಾವಿರ! ತನ್ನ ಇಡೀ ಬಾಳಿನಲ್ಲಿ ಅವನು ನಲವತ್ತನ್ನು ನಾನೂರರ ಆಚೆ ತಳ್ಳುವ ಧೈರ್ಯ ಮಾಡಿರಲಿಲ್ಲ. ಈ ಕಾಗದ ಉಪ್ಪಿಟ್ಟು ತಿನ್ನುತ್ತಲೇ ಐದು ಸಾವಿರ ಮಾಡಿಬಿಟ್ಟಿದೆ. ಇಷ್ಟಾಗಿ ಅಲ್ಲಿ ಕೂತವರಲ್ಲಿ ಒಬ್ಬನೂ ಬೆರಳು ಮಡಿಸಿ ಭಾಗಿಸಲಿಲ್ಲ. ಬಾಯಿಂದ ಬಂದ ಮಾತಿಗೆ ಹೇಳಿದವನ ಮೂಗು, ಮೀಸೆ, ಹಿಂದಿನ ಸುಳ್ಳುಗಳೆಲ್ಲ ಅಂಟಿಕೊಂಡಿರುತ್ತವೆ; ಅಚ್ಚಿನ ಮಾತಿಗೆ ಮುಖವೇ ಇಲ್ಲ, ಯಾರ ಮುಖ ನೋಡಿ ಭಾಗಿಸುವುದು? ಬೋರಲಿಂಗಯ್ಯ ಮರದ ಹಿಂದಿನಿಂದ ಈಚೆಗೆ ಬಂದೇಬಿಟ್ಟ.

"ನಾನೇ ಗಾಡಿ ಮೇಲೆ ನಿಂತು ಎಣಿಸಿವ್ನಿ ಕಣ್ರಲಾ. ನಲವತ್ತೆರಡೇ ಜನ!"

ಕರಿಯಪ್ಪ ಬೆರಳು ಮಡಿಸಿದ. "ಬೋರಣ್ಣ ನಲವತ್ತೆರಡು ಅಂದ್ರೆ... ನಾಕು. ಅಯ್ಯಯ್ಯೋ, ನಾಕೇ ಜನ ಇದ್ರು ಅಂತವ್ನಲ್ರಪ್ಪಾ!"

"ನಾಕಾ?" ಎಂದು ಜನ ಎದ್ದು ನಿಂತರು. "ಕಣ್ಣಾಗೆ ಏನ್ ಬಿದ್ದಿತ್ತು ನಿಂಗೆ?"

"ಆ ನೂಕಾಟದಾಗೆ ನನ್ನ ಕಾಲು ತುಳ್ದಾಕ್ಬುಟ್ರು, ನೋಡಿಲ್ಲಿ" ಎಂದು ಕರಿಯಪ್ಪ ಹೆಬ್ಬೆರಳು ತೋರಿಸಿದ. ಭಾಷಣದ ದಿನ ಅವನು ಬೈರಮಂಗಲದಲ್ಲಿ ಷಡ್ಡಕನ ಮದುವೆಯ ಊಟಕ್ಕೆ ಹೋಗಿದ್ದ. ಹೆಬ್ಬೆರಳು ಊದಿದ್ದು ಮಾತ್ರ ನಿಜ.

ಒಂದು ವಾರದೊಳಗೆ ಊರಿನಲ್ಲಿ ಆ ದಿನ ಪೇಟ ಕಳೆದುಕೊಂಡವರು ಒಂಬತ್ತು ಜನ, ಉಸಿರು ಕಟ್ಟಿದವರು ಆರು ಜನ, ಚನ್ನಲಿಂಗಪ್ಪನವರನ್ನು ಹೆಗಲ ಮೇಲೆ ಹೊತ್ತವರು ಹತ್ತೊಂಬತ್ತು ಜನ ಆದರು. ಅದೇ ನಲವತ್ತೆರಡರಲ್ಲಿ ನಿಂತು ಆಕಳಿಸಿದ್ದವರೂ ಈಗ ಐದು ಸಾವಿರದ ನಡುವೆ ನಿಂತಿದ್ದರು. ಕೆರೆ ಏರಿಯ ಮಾತನ್ನು ಯಾರೂ ಎತ್ತಲಿಲ್ಲ. ಐದು ಸಾವಿರ ಜನ ನಂಬಿದ ಮೇಲೆ ಹನ್ನೊಂದು ಓಟಿನವರು ಕೇಳುವುದೇನು?

"ನೀನಾದ್ರೂ ಯೋಳೆ, ಆವತ್ತು ನೀರಿಗೆ ಹೋಗಿದ್ಯಲ್ಲ, ಎಷ್ಟ್ ಜನ ಇದ್ರು?" ಎಂದು ಬೋರಲಿಂಗಯ್ಯ ಹೆಂಡತಿಯನ್ನು ಕೇಳಿದ.

"ನಾನೆಲ್ಲಿ ಎಣಿಸ್ಲಿ? ಆ ಜನದಾಗೆ ನನ್ನ ಕೊಡ ಒಡೆದೋಗದೆ ಇದ್ದುದ್ದೇ ಪುಣ್ಯ."

ಇಪ್ಪತ್ತೆಂಟು ವರ್ಷ ಬೆಳೆಸಿ ಹೇಳಿದಾಗ ಮುಖಗಳಿದ್ದವು. ಬಾಳಿನಲ್ಲಿ ಒಂದೇ ಒಂದು ಸಲ ಬೋಳು ನಿಜ ಹೇಳಿದ್ದಕ್ಕೆ ಮನೆಯವಳೂ ಬೆನ್ನು ತಿರುಗಿಸಿದಳು. ಬೋರಲಿಂಗಯ್ಯ ಎರಡು ದಿನ ಮಜ್ಜಿಗೆಯನ್ನಷ್ಟೇ ಕುಡಿದ. ಅದೂ ಒಳಗೆ ಹೋದ ಮೇಲೆ ಕುದಿಯುತ್ತಿತ್ತಂತೆ.

ಆಮೇಲೆ ಒಂದು ಸಂಜೆ ಕರಿಯಪ್ಪ ಓಡಿ ಬಂದ. "ಬೋರಣ್ಣ, ಎದ್ದು ಬಾ, ರುದ್ರಯ್ಯೋರು ಕರೀತಾವ್ರೆ!" ಎದುರು ಪಕ್ಷದವರ ಇನ್ನೊಂದು ಪತ್ರಿಕೆಯಲ್ಲಿ, ಹೊಂಗನೂರಿನ ಸಭೆಗೆ ಐವತ್ತು ಜನವೂ ಬಂದಿರಲಿಲ್ಲ ಎಂದು ಅಚ್ಚಾಗಿತ್ತು. ಊರಿನ ಮರ್ಯಾದೆ ಹೋಯಿತೆಂದು ಜನ ಕೆಂಡವಾಗಿದ್ದರು. ಉತ್ತರ ಬರೆಯಬೇಕು, ಎತ್ತರದಲ್ಲಿ ನಿಂತು ಕಣ್ಣಾರೆ ಎಣಿಸಿದವರು ಬೇಕು. ಅಂಥವನು ಊರಿಗೆ ಒಬ್ಬನೇ.

ರುದ್ರಯ್ಯ ತಾನು ಕೂರುವ ಚಾಪೆಯಲ್ಲೇ ಜಾಗ ಬಿಟ್ಟ. "ಬನ್ನಿ ಬೋರಲಿಂಗಯ್ಯನೋರೆ, ಕೂತ್ಕೊಳ್ಳಿ. ನೀವು ನೋಡಿದ್ದನ್ನ ನೋಡಿದ ಹಾಗೆ ಹೇಳಿ. ನಾನು ಬರ್ಕೋತೀನಿ."

ಬೋರಲಿಂಗಯ್ಯ ಕೂತು ಕೆಳಗೆ ನೋಡಿದ. ಮುಖಗಳು. ಮೂವತ್ತಲ್ಲ, ಅರವತ್ತು. ಎಲ್ಲವೂ ಅವನ ಕಡೆಗೆ. ಗೋಡೆಯ ಮರೆಯಿಂದ ಚಿಕ್ಕಲಕ್ಷ್ಮಮ್ಮನ ಮುಖವೂ. ಅವನಿಗೆ ಗೊತ್ತಿತ್ತು: ನಲವತ್ತೆರಡು ಎಂದರೆ ಈ ಸಲ ಒಂದು ಪತ್ರಿಕೆ ತನ್ನ ಕಡೆಗಿದೆ, ತಾನು ಗೆದ್ದ ಹಾಗೆ. ಆದರೆ ಗೆದ್ದವನು ನಾಳೆಯಿಂದ ನಾಯಿಯ ಬೆನ್ನು ನೋಡಿಕೊಂಡು ಕೂರಬೇಕು. ಗಂಟಲು ಸರಿಮಾಡಿಕೊಂಡ. ಒಂದು ಸಲ ಅರಳಿಕಟ್ಟೆಯ ಕಡೆ ನೋಡಿದ. ಮತ್ತೆ ಮುಖಗಳನ್ನು ನೋಡಿದ.

"ಐದು ಸಾವಿರ ಅಂತ ಬರೆದೋನಿಗೆ ಬುದ್ಧಿ ಇಲ್ಲ" ಎಂದ.

ರುದ್ರಯ್ಯ ಕನ್ನಡಕದ ಮೇಲಿಂದ ಅವನನ್ನು ನೋಡಿದ.

"ಆರು ಸಾವಿರದ ನಾನೂರು! ಹಿಂದ್ಗಡೆ ಎಮ್ಮೆ ಮರೆಯಾಗಿ ನಿಂತಿದ್ದೋರ ಅವನು ಎಣಿಸೇ ಇಲ್ಲ."

ಕೂಗು ಎದ್ದಿತು. ಕರಿಯಪ್ಪ ಅವನನ್ನು ತಬ್ಬಿಕೊಂಡ. ಬೆರಳು ಮಡಿಸುವುದು ಯಾರಿಗೂ ನೆನಪಾಗಲಿಲ್ಲ. ಆ ದಿನ ಬೋರಲಿಂಗಯ್ಯ ಮನೆಗೆ ನಡೆಯಲಿಲ್ಲ, ತೇಲಿಕೊಂಡು ಹೋದ. ತನ್ನ ಹೆಸರು ಅಚ್ಚಿನಲ್ಲಿ ಬರುತ್ತದೆ ಎಂದು ಹೆಂಡತಿಗೆ ಹೇಳಿದ, ಎತ್ತುಗಳಿಗೆ ಹೇಳಿದ, ಸಂತೆಯಲ್ಲಿ ಫಕ್ರುದ್ದೀನನಿಗೆ ಹೇಳಿದ. ಅವನ ಕುದುರೆಗೂ ಒಮ್ಮೆ ಹೇಳಿ ಬಂದ.

ಪತ್ರಿಕೆ ಬಂದ ದಿನ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತ. ರುದ್ರಯ್ಯ ಓದಿದ: "ಸಭೆಗೆ ಆರು ಸಾವಿರದ ನಾನೂರು ಜನ ಬಂದಿದ್ದರೆಂದು ಗ್ರಾಮದ ಗಣ್ಯರೊಬ್ಬರು ನಮಗೆ ಖಚಿತವಾಗಿ ತಿಳಿಸಿರುತ್ತಾರೆ."

"ಯಾರಪ್ಪಾ ಆ ಗಣ್ಯರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇನ್ಯಾರು! ಕಾಗದ ಬರೆದೋರು ನಮ್ಮ ರುದ್ರಯ್ಯೋರೇ ಅಲ್ವಾ?" ಎಂದ ಕರಿಯಪ್ಪ.

ಅರವತ್ತು ಮುಖಗಳೂ ರುದ್ರಯ್ಯನ ಕಡೆಗೆ ತಿರುಗಿದವು. ರುದ್ರಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಹಾಳೆ ಮಗುಚಿದ. ಬೋರಲಿಂಗಯ್ಯ, "ಅದು ನಾನು ಕಣ್ರಲಾ!" ಎಂದು ಮೂರು ಸಲ ಕೂಗಿದ. ಆದರೆ ಆ ಹೊತ್ತಿಗೆ ಬೆಳಗಾವಿ ಕಡೆಯ ಯಾವುದೋ ಸುದ್ದಿ ಶುರುವಾಗಿತ್ತು. "ಸುಮ್ನಿರು ಬೋರಣ್ಣ, ಪೇಪರ್ ಕೇಳಾನ" ಎಂದು ಗದರಿದರು.

ಚನ್ನಲಿಂಗಪ್ಪನವರು ಗೆದ್ದರು. ಹೊಂಗನೂರಿನ ಹನ್ನೊಂದೂ ಓಟು ಅವರಿಗೇ ಬಿತ್ತು, ಬೋರಲಿಂಗಯ್ಯನದೂ ಸೇರಿ. ಆರು ಸಾವಿರದ ನಾನೂರು ಎಂದ ಮೇಲೆ ಬೇರೆಯವರಿಗೆ ಹಾಕಲು ಅವನಿಗೇ ನಾಚಿಕೆಯಾಯಿತು. ಆ ಹೆಸರಿಲ್ಲದ ಗಣ್ಯನ ಮೇಲೆ ಮಾತ್ರ ಅವನ ಹೊಟ್ಟೆ ಉರಿಯುತ್ತಲೇ ಇತ್ತು. ಅದು ತಾನೇ ಎಂದು ಗೊತ್ತಿದ್ದೂ ಉರಿಯುತ್ತಿತ್ತು. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ಇಡೀ ಮೈಸೂರು ಸೀಮೆಯಲ್ಲಿ ಅವನೊಬ್ಬನೇ ಇದ್ದಿರಬೇಕು.

ಮುಂದಿನ ಸಂತೆಯಿಂದ ಬರುವಾಗ ಅವನು ಸುದ್ದಿ ತರಲಿಲ್ಲ. ಒಂದು ಸ್ಲೇಟು, ಎರಡು ಬಳಪ ತಂದ. ಐವತ್ತಮೂರನೆಯ ವಯಸ್ಸಿನಲ್ಲಿ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಗೆಯನ್ನು ಹೊರಗೆ ಹಾಕಿ, ಬಳಪವನ್ನು ನೇಗಿಲಿನ ಹಾಗೆ ಒತ್ತಿ ಅಕ್ಷರ ತೀಡಿದ.

"ಈ ವಯಸ್ನಾಗೆ ಏನ್ರೀ ಇದು?" ಎಂದಳು ಚಿಕ್ಕಲಕ್ಷ್ಮಮ್ಮ.

"ಇನ್ಮೇಲೆ ನನ್ನ ಮಾತ ನಾನೇ ಬರೆದು ಕಳುಸ್ತೀನಿ. ಮೊದ್ಲು ನನ್ನ ಹೆಸ್ರು ಬರೆಯಾದ ಕಲೀತೀನಿ."

"ಆಮ್ಯಾಕೆ?"

"ಆಮ್ಯಾಕೆ ರುದ್ರಯ್ಯನ ಹೆಸ್ರು ಬರೆಯಾದ ಕಲೀತೀನಿ."

"ಅದ್ಯಾಕೆ ನಿಮ್ಗೆ?"

ಬೋರಲಿಂಗಯ್ಯ ಸ್ಲೇಟಿನ ಮೇಲೆ ಉಗುಳಿ ಅಂಗೈಯಿಂದ ಚೆನ್ನಾಗಿ ತಿಕ್ಕಿದ.

"ಅಳಿಸಾಕೆ" ಎಂದ.