ನಡುಮನೆಯ ಸರ್ವೆ ಕಂಬ

ಆಗೆಲ್ಲ ಅಗ್ರಹಾರದ ನಮ್ಮ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ಯಾವುದೆಂದು ಮೂಗಿಗೇ ಗೊತ್ತಾಗುತ್ತಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ಹಳೇ ಮನೆಗಳು, ಮಳೆಗಾಲ ಬಂದರೆ ಒಳಗೆಲ್ಲ ಒದ್ದೆ ಸುಣ್ಣದ ವಾಸನೆ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಜಾಸ್ತಿಯಾಗಿ ನಮ್ಮ ನಡುಮನೆಯ ತೊಲೆ ಬಿರುಕು ಬಿಟ್ಟಿತು. ದಸರಾ ಕಳೆದ ಮೇಲೆ ರಿಪೇರಿ ಮಾಡಿಸೋಣವೆಂದು ಅಪ್ಪ ದಪ್ಪನೆಯ ಸರ್ವೆ ಕಂಬ ತಂದು ತೊಲೆಯ ಕೆಳಗೆ ನಿಲ್ಲಿಸಿ, ಬುಡಕ್ಕೆ ಬೆಣೆ ಹೊಡೆದರು.

ನನಗಂತೂ ಕಂಬ ಬಂದದ್ದೇ ಖುಷಿ. ಅದನ್ನು ಒಂದು ಕೈಯಲ್ಲಿ ಹಿಡಿದು ತಲೆ ತಿರುಗುವವರೆಗೆ ಗಿರಗಿರ ಸುತ್ತುತ್ತಿದ್ದೆ. ಆಮೇಲೆ ಅಂಗೈ ಮೂಸಿದರೆ ತೊಗಟೆಯ ಒಗರು ವಾಸನೆ.

ಅಪ್ಪನ ಅಕ್ಕ ಗಿರಿಜತ್ತೆ ನಮ್ಮ ಜೊತೆಗೇ ಇದ್ದರು. ಮದುವೆಯಾಗಿರಲಿಲ್ಲ, ಹತ್ತಿರದ ಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾಗಿದ್ದರು. ಸಂಜೆ ಕಂಬಕ್ಕೆ ಒರಗಿ ಕೂತು, ಮಧ್ಯೆ ಕಡಲೆಪುರಿಯ ಬಟ್ಟಲಿಟ್ಟುಕೊಂಡು ನನಗೆ ಪಾಠ ಹೇಳುತ್ತಿದ್ದರು. ಅವರದೊಂದು ಕಟ್ಟುನಿಟ್ಟಿತ್ತು. ಯಾವ ಪದವನ್ನೂ ಬಾಯಿಪಾಠ ಮಾಡಿ ಒಪ್ಪಿಸುವಂತಿಲ್ಲ, ಮನೆಯಲ್ಲಿ ಕಣ್ಣಿಗೆ ಬಿದ್ದದ್ದರ ಮೇಲೆ ವಾಕ್ಯ ಮಾಡಿ ಹೇಳಬೇಕು. ಆ ವಾರ 'ಸಪೋರ್ಟ್' ಎನ್ನುವ ಕ್ರಿಯಾಪದ, ಅದರ ಸಮಾನಾರ್ಥಕ ಪದಗಳು.

"ಎಲ್ಲಾ ಒಂದೇ ಅಲ್ವಾ ಅತ್ತೆ?" ಅಂದೆ.

"ಒಂದೇ ಅಲ್ಲ ಕಣೇ. ಪ್ರಾಪ್ ಅಂದ್ರೆ ಬೀಳೋದಕ್ಕೆ ಏನಾದ್ರೂ ಆನಿಸಿ ನಿಲ್ಸೋದು. ಬೇರ್ ಅಂದ್ರೆ ಭಾರ ಹೊರೋದು. ಸಸ್ಟೇನ್ ಅಂದ್ರೆ ಒಂದು ದಿನ ಹಿಡಿದು ಬುಟ್ಬುಡೋದಲ್ಲ, ಕೊನೇವರೆಗೂ ನಡೆಸ್ಕೊಂಡು ಹೋಗೋದು."

ನಾನು ತಲೆಯೆತ್ತಿ ನೋಡಿ, ಕಂಬ ತೊಲೆಯನ್ನು ಹಿಡಿದಿದೆ ಎಂದು ಇಂಗ್ಲಿಷಿನಲ್ಲಿ ವಾಕ್ಯ ಮಾಡಿದೆ. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಅಡುಗೆಮನೆಯಿಂದ ಅಮ್ಮನನ್ನು ಕರೆದು ಇನ್ನೊಮ್ಮೆ ಹೇಳಿಸಿದರು.

ನವರಾತ್ರಿ ಹತ್ತಿರವಾಯಿತು. ನಮ್ಮ ಮನೆಯ ಪಟ್ಟದ ಗೊಂಬೆಗಳು, ರಾಜ ರಾಣಿ, ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ತಂದವು. ಬೀದಿಯಲ್ಲಿ ಹೋಗುವವರಿಗೂ ಕಾಣಲೆಂದು ಬಾಗಿಲಿಗೆ ಎದುರಾಗಿ ನಡುಮನೆಯಲ್ಲೇ ಅವನ್ನು ಕೂರಿಸುತ್ತಿದ್ದರು. ಈಗ ಸರಿಯಾಗಿ ಅದೇ ಜಾಗದಲ್ಲಿ ಕಂಬ ನಿಂತಿತ್ತು.

"ರಾಜ ರಾಣಿ ಮುಂದೆ ಈ ದೊಣ್ಣೆ ನಿಲ್ಸ್ಕೊಂಡು ಆರತಿ ಮಾಡ್ಲಾ? ಬಂದೋರು ಏನಂದ್ಕೊಂಡಾರು?" ಎಂದರು ಅಜ್ಜಿ.

"ಈ ಸಲ ಒಳಗಿನ ರೂಮಲ್ಲೇ ಕೂರ್ಸಣ ಬುಡಿ," ಎಂದಳು ಅಮ್ಮ.

"ನಾನು ಈ ಮನೆಗೆ ಬಂದಾಗಿಂದ ನಡುಮನೇಲೇ ಕೂತಿರೋದು ಕಣಮ್ಮ. ನಾನಿರೋವರ್ಗೂ ಅಲ್ಲೇ."

ಅಪ್ಪ ತೊಲೆಯ ಕಡೆ ನೋಡಿದರು, ಅಜ್ಜಿಯ ಮುಖ ನೋಡಿದರು. "ಮಳೆ ನಿಂತಿದೆಯಲ್ಲ, ಹಬ್ಬ ಮುಗಿಯೋವರ್ಗೂ ಏನಾಗ್ಬುಡುತ್ತೆ?" ಎನ್ನುತ್ತಾ ಬೆಣೆ ಬಿಡಿಸಿದರು. ಅತ್ತೆಯೇ ಒಂದು ಕಡೆ ಹಿಡಿದು ಕಂಬವನ್ನು ಹಿತ್ತಲಿಗೆ ಸಾಗಿಸಿದರು. ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಈಗ ತೊಲೆನ ಯಾರು ಹಿಡ್ಕೊಂಡಿದಾರೆ, ವಾಕ್ಯ ಹೇಳು ನೋಡಣ," ಎಂದು ನನ್ನನ್ನು ಕೆಣಕಿದರು.

"ರಾಜ ರಾಣಿ!" ಎಂದೆ. ಎಲ್ಲರೂ ನಕ್ಕರು, ಅಮ್ಮ ಕೂಡ.

ಹಬ್ಬ ಜೋರಾಗಿಯೇ ನಡೆಯಿತು. ಸಂಜೆಯಾದರೆ ಮಕ್ಕಳ ಗುಂಪು "ಗೊಂಬೆ ಕೂರ್ಸಿದೀರೇನ್ರೀ?" ಎಂದು ಬಾಗಿಲಲ್ಲಿ ಕೂಗುತ್ತಿತ್ತು. ಅಜ್ಜಿ ಎಲ್ಲರ ಕೈಗೂ ಕೊಬ್ಬರಿ ಮಿಠಾಯಿ ಹಾಕುತ್ತಿದ್ದರು. ಮಧ್ಯೆ ಒಂದು ರಾತ್ರಿ ಮಳೆ ಸುರಿಯಿತು. ತೊಲೆ ಹಾಗೇ ಇತ್ತು. ಅಪ್ಪ ಮತ್ತೆ ಅದರ ಕಡೆ ನೋಡುವುದನ್ನೇ ಬಿಟ್ಟರು.

ವಿಜಯದಶಮಿಯ ದಿನ ಮನೆಯವರೆಲ್ಲ ಮೆರವಣಿಗೆ ನೋಡಲು ಹೊರಟೆವು. "ದೀಪ ಹಚ್ಚೋಕೆ ಒಬ್ರು ಇರ್ಬೇಕಲ್ಲ, ನೀವೆಲ್ಲ ಹೋಗ್ಬನ್ನಿ," ಎಂದು ಅತ್ತೆ ಒಬ್ಬರೇ ಉಳಿದರು. ಜನಜಂಗುಳಿಯಲ್ಲಿ ನನಗೆ ಬರೀ ಬೆನ್ನುಗಳು ಕಾಣುತ್ತಿದ್ದವು. ಹೊತ್ತುಕೊಳ್ಳುವ ವಯಸ್ಸು ದಾಟಿದ್ದರೂ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಅರಮನೆಯ ಕಡೆಯಿಂದ ಕುಶಾಲತೋಪು ಹಾರಿದವು. ಆ ಸದ್ದಿಗೆ ನಮ್ಮ ಮನೆಯ ಕಿಟಕಿಗಳು ಪ್ರತಿ ವರ್ಷ ಗಡಗಡ ಅದುರುತ್ತಿದ್ದದ್ದು ನಮಗೆಲ್ಲ ಗೊತ್ತೇ ಇತ್ತು. ಆದರೂ ಯಾರಿಗೂ ನೆನಪಾಗಲಿಲ್ಲ. ನಾನು ಅಪ್ಪನ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದೆ.

ವಾಪಸು ಬಂದಾಗ ನಮ್ಮ ಮನೆಯ ಮುಂದೆ ಬೀದಿಯ ಜನವೆಲ್ಲ ಸೇರಿತ್ತು. ಬಾಗಿಲಿನಿಂದ ಗಾರೆಯ ಧೂಳು ಹೊರಗೆ ಬರುತ್ತಿತ್ತು. ನಡುಮನೆಯಲ್ಲಿ ತೊಲೆ ಮುರಿದು ತಾರಸಿ ಕುಸಿದಿತ್ತು. ನೆನೆದ ಗಾರೆಯ ಭಾರವೋ, ತೋಪಿನ ಅದುರೋ, ಯಾರಿಗೆ ಗೊತ್ತು. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅತ್ತೆಯನ್ನು ಪಕ್ಕದ ಮನೆಯವರು ಎಳೆದು ತೆಗೆದು ಆಸ್ಪತ್ರೆಗೆ ಸಾಗಿಸಿದ್ದರು. ಹಿತ್ತಲಲ್ಲಿ ಕಂಬ ಗೋಡೆಗೆ ಒರಗಿಕೊಂಡೇ ಇತ್ತು.

ಅತ್ತೆ ಉಳಿದರು. ಆದರೆ ಬೆನ್ನುಮೂಳೆ ಹೋಗಿತ್ತು, ಮತ್ತೆ ಎದ್ದು ನಿಲ್ಲಲಿಲ್ಲ. ನೋಡಲು ಬಂದವರು ಹಣೆಬರಹ ಎಂದು ಸಮಾಧಾನ ಹೇಳಿದರೆ ಅಜ್ಜಿ, "ಹಣೆಬರಹ ಅಲ್ಲ ಕಣ್ರೀ, ನನ್ನ ಹಟ," ಎನ್ನುತ್ತಿದ್ದರು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ತೊಳೆಯುವುದು ಎಲ್ಲವನ್ನೂ ಅವರೇ ಮಾಡಿದರು. ಅಮ್ಮ ಕೈ ಹಾಕಲು ಹೋದರೂ ಬಿಡುತ್ತಿರಲಿಲ್ಲ. ತಮ್ಮ ಉಸಿರಿರುವವರೆಗೂ ಹಾಗೇ ನಡೆಸಿದರು. ಗೊಂಬೆ ಮಾತ್ರ ನಮ್ಮ ಮನೆಯಲ್ಲಿ ಮತ್ತೆ ಕೂರಿಸಲಿಲ್ಲ.

ನನ್ನ ಪಾಲಿಗೆ ಬಂದದ್ದು ಸಂಜೆಯ ಕೆಲಸ. ಅಜ್ಜಿ ಅತ್ತೆಯ ತಲೆ ಬಾಚುವಾಗ ನಾನು ಹಿಂದೆ ಕೂತು, ಅವರ ಬೆನ್ನಿಗೆ ಎದೆ ಕೊಟ್ಟು ಹಿಡಿದುಕೊಳ್ಳಬೇಕಿತ್ತು. "ಬುಡ್ಬೇಡ ಕಣೇ ಪುಟ್ಟಿ, ಬಿದ್ದೋಗ್ತೀನಿ," ಎನ್ನುತ್ತಿದ್ದರು. ಸ್ಕೂಲಲ್ಲಿ ಕಲಿತ ಹೊಸ ಪದಗಳನ್ನು ಅವರ ಕಿವಿಯ ಹತ್ತಿರ ಹೇಳುತ್ತಿದ್ದೆ. ವಾಕ್ಯ ಮಾಡು ಎಂದು ಅವರು ಒಂದು ದಿನವೂ ಕೇಳಲಿಲ್ಲ. ಅದು ನನಗೆ ಅಳು ತರಿಸುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಅತ್ತೆ ತೀರಿಕೊಂಡರು.

ಅಗ್ರಹಾರದ ಆ ಮನೆ ಈಗಿಲ್ಲ. ನಾವಿರುವುದು ವಿದ್ಯಾರಣ್ಯಪುರಂನಲ್ಲಿ. ಕಾಂಕ್ರೀಟ್ ಮನೆ, ತೊಲೆಯೂ ಇಲ್ಲ, ಕಂಬವೂ ಇಲ್ಲ. ಪಕ್ಕದ ಮನೆಯ ಒಗ್ಗರಣೆ ಮೂಗಿಗೆ ಬರುವುದಿಲ್ಲ, ಗೊಂಬೆ ಕೂರ್ಸಿದೀರಾ ಎಂದು ಯಾರ ಮಕ್ಕಳೂ ಬಾಗಿಲಿಗೆ ಬರುವುದಿಲ್ಲ. ವಿಜಯದಶಮಿಯ ಮಧ್ಯಾಹ್ನ ನಾನು ಕಿಟಕಿಗಳನ್ನೆಲ್ಲ ಹಾಕಿ ಟಿವಿಯ ಸೌಂಡು ಜೋರು ಮಾಡಿ ಕೂರುತ್ತೇನೆ.

ಮೊನ್ನೆ ಮಗಳು ಹೋಂವರ್ಕಿಗೆಂದು ಅದೇ 'ಸಪೋರ್ಟ್' ಪದವನ್ನು ಮೊಬೈಲಿಗೆ ಕೇಳಿದಳು. ಸಮಾನಾರ್ಥಕ ಪದಗಳು ಸಾಲಾಗಿ ಬಂದವು, ಬರೆದುಕೊಂಡಳು.

"ಎಲ್ಲಾ ಒಂದೇ ಅಲ್ವಾ ಅಮ್ಮ? ಒಂದು ವಾಕ್ಯ ಹೇಳು, ಬರ್ಕೋತೀನಿ."

ಒಂದೇ ಅಲ್ಲ ಕಣೇ ಎಂದು ಬಾಯಿಗೆ ಬಂತು. ವಾಕ್ಯವೂ ಬಂತು, ಅತ್ತೆ ಅಮ್ಮನನ್ನು ಕರೆದು ಇನ್ನೊಮ್ಮೆ ಹೇಳಿಸಿದ್ದ ಅದೇ ವಾಕ್ಯ. ಕಂಬ ತೊಲೆಯನ್ನು ಹಿಡಿದಿದೆ. ಮೊಬೈಲನ್ನೇ ಕೇಳು ಎಂದು ಅಡುಗೆಮನೆಗೆ ಎದ್ದು ಹೋದೆ.